ಹಳೆಯ ಮಿಯಾಟಾವನ್ನು ಶ್ರುತಿಗೆ ತರುವುದು

ನನ್ನ 1992ರ ಮಾಜ್ದಾ ಮಿಯಾಟಾ ಕಾರಿಗೆ ನಾನು ಮಾಡಿದ ಮೊದಲ ಮಾರ್ಪಾಡಿಗೆ ಒಂದು ಕಾಸೂ ಖರ್ಚಾಗಲಿಲ್ಲ. ನಾಲ್ಕೂ ಟೈರಿನಿಂದ ಒಂದಿಷ್ಟು ಗಾಳಿ ಬಿಟ್ಟೆ, ಅಷ್ಟೆ. ಕಾರು ಕೊಂಡ ದಿನ ಗೇಜ್ ಹಿಡಿದು ನೋಡಿದಾಗ ಎಲ್ಲದರಲ್ಲೂ 35 ಪಿಎಸ್‌ಐ ಇತ್ತು. ಈಗಿನ ಭಾರದ ಕಾರುಗಳಿಗೆ ಅದು ಹೊಂದುವ ಲೆಕ್ಕ, ಟೈರ್ ಅಂಗಡಿಯವರು ರೂಢಿಯಂತೆ ಎಲ್ಲಕ್ಕೂ ಅಷ್ಟೇ ತುಂಬಿಬಿಡುತ್ತಾರೆ. ಆದರೆ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿಗೆ ಅಂಟಿಸಿದ ಮಾಸಲು ಸ್ಟಿಕ್ಕರಿನಲ್ಲಿ ಕಂಪನಿ ಅಚ್ಚು ಹಾಕಿಸಿದ್ದ ಸಂಖ್ಯೆ 26. ಸಾವಿರ ಕೆಜಿ ಕೂಡ ತೂಗದ ಕಾರು ಇದು. ಗಾಳಿ ಹೆಚ್ಚಾದರೆ ಟೈರು ಕಲ್ಲಿನಂತಾಗುತ್ತದೆ, ರಸ್ತೆಗೆ ಒತ್ತಿಕೊಂಡು ಕೂರುವ ಬದಲು ಪುಟಿಯುತ್ತದೆ. 26ಕ್ಕೆ ಇಳಿಸಿ ಅದೇ ದಾರಿಯಲ್ಲಿ ಮತ್ತೊಂದು ಸುತ್ತು ಹೋಗಿ ಬಂದೆ. ಅಲ್ಲಿಯವರೆಗೆ ಮೂಕವಾಗಿದ್ದ ಸ್ಟೀರಿಂಗ್ ಮಾತಾಡತೊಡಗಿತು.

ಸ್ಟೀರಿಂಗ್ ಮಾತಾಡುತ್ತದೆ ಅನ್ನುವುದನ್ನು ಕಾರುಪ್ರಿಯರು ಸಲೀಸಾಗಿ ಹೇಳುತ್ತಾರೆ. ಹಾಗೆಂದರೆ ಏನು ಎಂದು ಕೇಳಿದರೆ ಹೆಚ್ಚಿನವರು ಕೈ ತಿರುಗಿಸಿ ತೋರಿಸಿ ಸುಮ್ಮನಾಗುತ್ತಾರೆ. ಇದರಲ್ಲಿ ಗೂಢವಾದದ್ದು ಏನೂ ಇಲ್ಲ. ರಬ್ಬರು, ಲೋಹ, ಎಣ್ಣೆಗಳ ನಡುವೆ ನಡೆಯುವ ವ್ಯವಹಾರ ಅದು. ಅದು ಅರ್ಥವಾದರೆ ಹಳೆಯ ಸ್ಪೋರ್ಟ್ಸ್ ಕಾರಿಗೆ ಯಾವುದನ್ನು ಸೇರಿಸಬೇಕು, ಯಾವುದನ್ನು ಮುಟ್ಟಲೇಬಾರದು ಅನ್ನುವುದು ತಾನಾಗಿ ಹೊಳೆಯುತ್ತದೆ. ಅರ್ಥವಾಗದೆ ಕೈಹಾಕಿದರೆ ದುಡ್ಡು ಸುರಿದು ಕಾರನ್ನು ಕೆಡಿಸಿಕೊಳ್ಳುತ್ತೇವೆ. ನಾನು ಎರಡನ್ನೂ ಮಾಡಿದ್ದೇನೆ.

ಕಾರಿನ ಬಗ್ಗೆ ಮೊದಲು ಒಂದಿಷ್ಟು. ಮಿಯಾಟಾ ಬೆಳಕು ಕಂಡದ್ದು 1989ರ ಫೆಬ್ರುವರಿಯಲ್ಲಿ, ಶಿಕಾಗೋ ಆಟೊ ಶೋನಲ್ಲಿ. ಜಪಾನಿನಲ್ಲಿ ಅದರ ಹೆಸರು ಯೂನೋಸ್ ರೋಡ್‌ಸ್ಟರ್, ಯುರೋಪಿನಲ್ಲಿ ಎಂಎಕ್ಸ್-5. ಹಗುರವಾದ, ತೆರೆದ ಟಾಪಿನ ಎರಡು ಸೀಟಿನ ಕಾರೊಂದನ್ನು ಮಾಡಿ ಎಂದು ಅಮೆರಿಕದ ಪತ್ರಕರ್ತ ಬಾಬ್ ಹಾಲ್ ಮಾಜ್ದಾದ ಕೆನಿಚಿ ಯಮಾಮೊಟೊ ಅವರಿಗೆ ಹೇಳಿದ್ದು 1979ರಲ್ಲಿ. ಆ ಬೀಜ ಗಿಡವಾಗಲು ಹತ್ತು ವರ್ಷ ಹಿಡಿಯಿತು. ಯೋಜನೆಯನ್ನು ಮುನ್ನಡೆಸಿದ ತೋಶಿಹಿಕೊ ಹಿರಾಯಿ ಅವರ ತಂಡ ಹಿಡಿದ ಸೂತ್ರ 'ಜಿನ್ಬಾ ಇತ್ತೈ'. ಕುದುರೆಯೂ ಸವಾರನೂ ಒಂದೇ ಮೈಯಾಗುವುದು ಎಂದು ಅದರ ಅರ್ಥ. ಕಣ್ಣ ಮುಂದಿದ್ದ ಮಾದರಿ ಬ್ರಿಟನ್ನಿನ ಲೋಟಸ್ ಎಲಾನ್, 1962ರ ಕಾರು.

ಅವರು ಕೊಟ್ಟದ್ದು 1.6 ಲೀಟರಿನ, 116 ಅಶ್ವಶಕ್ತಿಯ ಎಂಜಿನ್. ಆ ಕಾಲಕ್ಕೂ ಅದು ದೊಡ್ಡ ಬಲವಲ್ಲ. ಆದರೆ ನಾಲ್ಕೂ ಮೂಲೆಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಂದರೆ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿಯುವ ಏರ್ಪಾಡು ಕೊಟ್ಟರು, ಬಾನೆಟ್ಟನ್ನು ಅಲ್ಯೂಮಿನಿಯಮ್ಮಿನಲ್ಲಿ ಮಾಡಿದರು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ವರೆಗೆ ಒಂದು ಗಟ್ಟಿ ಅಲ್ಯೂಮಿನಿಯಮ್ ತೊಲೆ ಕೂರಿಸಿ ಎರಡನ್ನೂ ಬಿಗಿದರು. ಆಕ್ಸಿಲರೇಟರ್ ಒತ್ತಿದಾಗಲೂ ಬಿಟ್ಟಾಗಲೂ ಈ ಕಾರು ತಡವರಿಸದೆ ಪ್ರತಿಕ್ರಿಯಿಸುವುದಕ್ಕೆ ಆ ತೊಲೆಯೇ ಮುಖ್ಯ ಕಾರಣ. ಈ ಮೊದಲ ತಲೆಮಾರಿನ ಕಾರುಗಳು 1997ರವರೆಗೆ ತಯಾರಾದವು, ನಾಲ್ಕು ಲಕ್ಷಕ್ಕೂ ಮೀರಿ. ನಾನಿರುವ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಬೆಟ್ಟದ ದಾರಿ ಹಿಡಿದರೆ ಭಾನುವಾರ ಒಂದಾದರೂ ಎದುರಾಗುತ್ತದೆ. ಎದುರಾದವರು ಕೈ ಎತ್ತುತ್ತಾರೆ, ನಾವೂ ಎತ್ತುತ್ತೇವೆ.

ಅಂಗೈಯಗಲದ ಸುದ್ದಿ

ಈಗ ಸ್ಟೀರಿಂಗಿನ ಮಾತಿಗೆ ಬರೋಣ. ಟೈರು ರಸ್ತೆಯನ್ನು ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ. ನಿಮ್ಮ ಅಂಗೈಯನ್ನೇ ಮೇಜಿನ ಮೇಲೆ ಒತ್ತಿಟ್ಟು ಮೆಲ್ಲಗೆ ಪಕ್ಕಕ್ಕೆ ತಳ್ಳಿ ನೋಡಿ. ಕೈ ತಕ್ಷಣ ಜಾರುವುದಿಲ್ಲ. ಮೊದಲು ಚರ್ಮ ಎಳೆದುಕೊಳ್ಳುತ್ತದೆ. ಇನ್ನಷ್ಟು ತಳ್ಳಿದರೆ ಒಂದು ಅಂಚು ಸಣ್ಣಗೆ ಜಾರತೊಡಗುತ್ತದೆ, ಆಮೇಲೆ ಇಡೀ ಅಂಗೈ. ತಿರುವಿನಲ್ಲಿ ಟೈರಿನ ರಬ್ಬರು ಮಾಡುವುದೂ ಇದನ್ನೇ. ಚಕ್ರ ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ಕೆಲವು ಡಿಗ್ರಿ ವ್ಯತ್ಯಾಸ ಇರುತ್ತದೆ. ಇದಕ್ಕೆ ಸ್ಲಿಪ್ ಆಂಗಲ್ ಅನ್ನುತ್ತಾರೆ.

ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ರಬ್ಬರು ಆ ಅಂಗೈ ಜಾಗದ ಮುಂದಿನ ಅಂಚಿನಲ್ಲಿ ರಸ್ತೆಗೆ ಇಳಿಯುವಾಗ ಇನ್ನೂ ಎಳೆದುಕೊಂಡಿರುವುದಿಲ್ಲ. ಹಿಂದಕ್ಕೆ ಸರಿಯುತ್ತ ಹೋದಂತೆ ಎಳೆತ ಏರುತ್ತದೆ. ಹಾಗಾಗಿ ಪಕ್ಕಕ್ಕೆ ತಳ್ಳುವ ಬಲದ ಕೇಂದ್ರ ಆ ಜಾಗದ ನಟ್ಟನಡುವೆ ಇರದೆ ತುಸು ಹಿಂದೆ ಇರುತ್ತದೆ. ಈ ಸಣ್ಣ ಅಂತರವೇ ಒಂದು ಸನ್ನೆಗೋಲು. ಅದು ಚಕ್ರವನ್ನು ನೇರಕ್ಕೆ ತರಲು ಸದಾ ಎಳೆಯುತ್ತಿರುತ್ತದೆ. ತಿರುವಿನಲ್ಲಿ ನಿಮ್ಮ ಕೈಗೆ ಸಿಗುವ ತೂಕದ ಒಂದು ದೊಡ್ಡ ಪಾಲು ಅದೇ.

ಹಿಡಿತದ ಮಿತಿ ಹತ್ತಿರ ಬಂದಾಗ ಮೊದಲು ಜಾರುವುದು ಆ ಜಾಗದ ಹಿಂದಿನ ಅಂಚು, ಏಕೆಂದರೆ ಎಳೆತ ಹೆಚ್ಚಿರುವುದು ಅಲ್ಲಿ. ಅದು ಜಾರಿದೊಡನೆ ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಸನ್ನೆಗೋಲು ಗಿಡ್ಡವಾಗುತ್ತದೆ, ಸ್ಟೀರಿಂಗ್ ಹಗುರವಾಗುತ್ತದೆ. ಇದು ಟೈರು ಪೂರ್ತಿ ಕೈಬಿಡುವುದಕ್ಕೆ *ಮೊದಲು* ಆಗುತ್ತದೆ ಅನ್ನುವುದು ಮುಖ್ಯ. ಇನ್ನೂ ಹಿಡಿತ ಉಳಿದಿರುವಾಗಲೇ ಕಾರು ನಿಮ್ಮ ಬೆರಳಿಗೆ ಸುದ್ದಿ ಮುಟ್ಟಿಸುತ್ತದೆ. ಸ್ಟೀರಿಂಗಿನ ಮಾತು ಅಂದರೆ ಇದು.

ಸ್ಪೋರ್ಟ್ಸ್ ಕಾರಿನ ಚಾಲನೆಯ ಸುಖ ಎಂದು ನಾವು ಕರೆಯುವುದು ಬಹುಪಾಲು ಈ ಪಿಸುಮಾತು, ಜೊತೆಗೆ ಸೀಟಿನ ಮೂಲಕ ಬೆನ್ನಿಗೆ ತಿಳಿಯುವ ಹಿಂದಿನ ಚಕ್ರಗಳ ಸುದ್ದಿ. ಒಳ್ಳೆಯ ಮಾರ್ಪಾಡಿನ ಗುರಿ ಈ ಪಿಸುಮಾತಿಗೆ ಅಡ್ಡ ಬರುವುದನ್ನು ಸರಿಸುವುದು. ವೀಣೆ ಅಪಸ್ವರ ನುಡಿಯುತ್ತಿದ್ದರೆ ಮೈಕ್ ದೊಡ್ಡದು ಮಾಡಿ ಉಪಯೋಗವಿಲ್ಲ, ತಂತಿ ಶ್ರುತಿ ಮಾಡಬೇಕು. ಮೂವತ್ತು ವರ್ಷ ಓಡಿದ ಕಾರಿನಲ್ಲಿ ಅಡ್ಡ ಬರುವುದು ಮುಖ್ಯವಾಗಿ ಎರಡು: ಸವೆದ ಭಾಗಗಳು, ಮತ್ತು ಹಿಂದಿನ ಮಾಲೀಕರ ಅತ್ಯುತ್ಸಾಹ.

ಮೊದಲು ಬುಷ್

ಚಿಕ್ಕಂದಿನಲ್ಲಿ ಹುಬ್ಬಳ್ಳಿಯಲ್ಲಿ ಅಪ್ಪನ ಪ್ರೀಮಿಯರ್ ಪದ್ಮಿನಿ ರಸ್ತೆಯಲ್ಲಿ ಅತ್ತಿತ್ತ ಅಲೆಯತೊಡಗಿದಾಗ ಗ್ಯಾರೇಜಿಗೆ ಒಯ್ದಿದ್ದೆವು. ಮುಂದಿನ ಚಕ್ರಕ್ಕೆ ಜ್ಯಾಕ್ ಕೊಟ್ಟು, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ ಮೆಕ್ಯಾನಿಕ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಬುಷ್ ಹೋಗ್ಯಾವ್ರೀ ಸರ್, ಮೊದ್ಲ ಅವನ್ನ ಹಾಕಸ್ರಿ, ಉಳಿದಿದ್ದು ಆಮ್ಯಾಲ ನೋಡೂಣು." ಆ ಮಾತಿನ ಬೆಲೆ ನನಗೆ ತಿಳಿದದ್ದು ಸಾವಿರಾರು ಮೈಲಿ ಆಚೆ, ಬೇರೊಂದು ಕಾರಿನ ಕೆಳಗೆ ಮಲಗಿದಾಗ.

ವಿಶ್‌ಬೋನ್ ತೋಳುಗಳು ಕಾರಿನ ಮೈಗೆ ಸೇರುವ ಕಡೆಯಲ್ಲೆಲ್ಲ ಉಕ್ಕಿನ ತೋಳು ಹಾಗೂ ಬೋಲ್ಟಿನ ನಡುವೆ ಒಂದು ರಬ್ಬರಿನ ಬಳೆ ಇರುತ್ತದೆ. ಅದೇ ಬುಷ್. ಮಿಯಾಟಾದಲ್ಲಿ ನಾಲ್ಕೂ ಮೂಲೆ ಸೇರಿ ಕನಿಷ್ಠ ಹದಿನಾರು ಇಂಥವು. ಮೂವತ್ತು ವರ್ಷದ ಬಿಸಿಲಿಗೆ, ಎಣ್ಣೆಯ ಹನಿಗೆ ರಬ್ಬರು ಬಿರುಕು ಬಿಟ್ಟು ಒಂದು ಕಡೆಗೆ ಕುಸಿದಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಮೊದಲು ಈ ಸಡಿಲವೆಲ್ಲ ಬಿಗಿಗೊಳ್ಳಬೇಕು, ಆಮೇಲಷ್ಟೆ ಟೈರಿಗೆ ನಿಮ್ಮ ಆಜ್ಞೆ ತಲುಪುತ್ತದೆ. ಟೈರಿನ ಉತ್ತರವೂ ಅದೇ ಸಡಿಲದಲ್ಲಿ ಇಂಗಿಹೋಗುತ್ತದೆ. ಇದನ್ನು ಹಾಗೇ ಬಿಟ್ಟು ಮೇಲೆ ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿದರೆ ಕಿತ್ತುಹೋದ ಚಾಪೆಯ ಮೇಲೆ ರೇಷ್ಮೆ ಹಾಸಿದ ಹಾಗೆ.

ಬದಲಾಯಿಸುವುದೇನೋ ಸರಿ, ಯಾವುದನ್ನು ಹಾಕುವುದು? ಅಂಗಡಿಗಳು ಗಟ್ಟಿ ಪಾಲಿಯುರೆಥೇನ್ ಬುಷ್ ಮಾರುತ್ತವೆ, ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಅವು ಬೇಕು. ಬೀದಿಯ ಕಾರಿಗೆ ನನ್ನ ಮತ ಕಂಪನಿಯ ಹೊಸ ರಬ್ಬರಿಗೇ. ಕಾರಣ ಇಷ್ಟು. ರಬ್ಬರಿನ ಬುಷ್ಷಿನಲ್ಲಿ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ತೋಳು ಮೇಲೆ ಕೆಳಗೆ ಆಡುವಾಗ ರಬ್ಬರು ತಿರುಚಿಕೊಂಡು ದಾರಿ ಕೊಡುತ್ತದೆ, ಅಲ್ಲಿ ಉಜ್ಜಾಟವಿಲ್ಲ. ಪಾಲಿಯುರೆಥೇನ್ ಕೊಳವೆಯ ಮೇಲೆ ಉಜ್ಜಿಕೊಂಡು ತಿರುಗಬೇಕು. ಗ್ರೀಸ್ ಒಣಗಿದ ದಿನ ಕೀರಲು ಶುರುವಾಗುತ್ತದೆ, ಸಸ್ಪೆನ್ಷನ್ ಸಣ್ಣ ಉಬ್ಬುಗಳಿಗೆ ಅಂಟಂಟಾಗಿ ಆಡುತ್ತದೆ. ಪಿಸುಮಾತು ಕೇಳಲು ಹೊರಟವರು ಅಲ್ಲೇ ಗದ್ದಲ ಎಬ್ಬಿಸಿದಂತೆ.

ಇದೇ ಕಾರಣದಿಂದ, ರಬ್ಬರಿನ ಬುಷ್ ಹಾಕುವಾಗ ಒಂದು ಎಚ್ಚರ ತಪ್ಪದೆ ಬೇಕು. ಕಾರು ಜ್ಯಾಕ್ ಮೇಲಿದ್ದು ಚಕ್ರಗಳು ಜೋತಾಡುತ್ತಿರುವಾಗ ಬೋಲ್ಟ್ ಬಿಗಿದರೆ, ರಬ್ಬರು ಆ ಜೋತಾಡುವ ಭಂಗಿಯನ್ನೇ ತನ್ನ ಸಹಜ ಸ್ಥಿತಿಯಾಗಿ ಹಿಡಿಯುತ್ತದೆ. ಕಾರನ್ನು ನೆಲಕ್ಕಿಳಿಸಿದ ಕ್ಷಣದಿಂದ ಅದು ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ, ಕಾರಿನ ಎತ್ತರವೂ ಏರುಪೇರಾಗುತ್ತದೆ. ಕಾರಿನ ತೂಕ ಚಕ್ರಗಳ ಮೇಲೆ ಬಿದ್ದಿರುವಾಗಲೇ ಕೊನೆಯ ಬಿಗಿತ ಕೊಡಬೇಕು. ಇದನ್ನು ಅನುಭವಿ ಗ್ಯಾರೇಜುಗಳೂ ಮರೆಯುವುದುಂಟು. ನಿಂತು ನೋಡಿಕೊಳ್ಳಿ. ಇದು ಮಿಯಾಟಾದ ಮಾತಷ್ಟೇ ಅಲ್ಲ. ರಬ್ಬರ್ ಬುಷ್ ಇರುವ ಯಾವ ಕಾರಿಗೂ, ಊರಿನಲ್ಲಿ ನಿಂತಿರುವ ಹಳೆಯ ಕಾಂಟೆಸ್ಸಾಗೂ ಒಪ್ಪುತ್ತದೆ.

ನನ್ನ ಕಾರಿನಲ್ಲಿ ಈ ಕೆಲಸಕ್ಕೆ ಎರಡು ವಾರಾಂತ್ಯ ಸಾಲಲಿಲ್ಲ. ಅಲೈನ್‌ಮೆಂಟ್ ಹೊಂದಿಸುವ ಉದ್ದನೆಯ ಬೋಲ್ಟುಗಳು ಬುಷ್ಷಿನ ಒಳಗೊಳವೆಗೆ ತುಕ್ಕು ಹಿಡಿದು ಒಂದಾಗಿದ್ದವು. ಈ ಮಾಡೆಲಿನಲ್ಲಿ ಅದು ಎಲ್ಲರೂ ಬಲ್ಲ ಕಷ್ಟ. ತುಕ್ಕು ಬಿಡಿಸುವ ಎಣ್ಣೆ ಸುರಿದು ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಮತ್ತೆ ಸುರಿದು, ಕೊನೆಗೆ ಎಡಗಡೆಯದೊಂದನ್ನು ಗರಗಸದ ಬ್ಲೇಡಿನಲ್ಲಿ ಕೊಯ್ಯಬೇಕಾಯಿತು. ಬೋಲ್ಟು ತುಂಡಾಗಿ ನೆಲಕ್ಕೆ ಬಿದ್ದಾಗ ಸಂಜೆ ಏಳು. ಹೊಸ ಬೋಲ್ಟಿಗೆ ತುಕ್ಕು ಹಿಡಿಯದಂತೆ ಆಂಟಿ-ಸೀಜ್ ಲೇಪ ದಪ್ಪಗೆ ಬಳಿದು ಕೂರಿಸಿದೆ.

ತಗ್ಗಿಸುವ ಹುಚ್ಚು

ನನ್ನ ತಪ್ಪಿನ ಕಥೆ ಇಲ್ಲಿ ಬರಬೇಕು, ಏಕೆಂದರೆ ಅದರಲ್ಲಿ ಕಲಿಯುವುದಿದೆ. ಬುಷ್ ಕೆಲಸಕ್ಕೂ ಮೊದಲು, ಕಾರು ತಂದ ಎರಡನೇ ತಿಂಗಳಲ್ಲೇ, ಅಗ್ಗಕ್ಕೆ ಸಿಕ್ಕಿದ ಗಟ್ಟಿ ಕಾಯಿಲ್‌ಓವರ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದಾಗಿ ಬರುವ) ಸೆಟ್ ಒಂದನ್ನು ಹಾಕಿಸಿ ಕಾರನ್ನು ಎರಡು ಇಂಚು ತಗ್ಗಿಸಿದ್ದೆ. ನಿಂತಾಗ ಚಿತ್ರದ ಹಾಗಿತ್ತು. ನಮ್ಮ ಕಡೆಯ ಬೆಟ್ಟದ ದಾರಿ ಸ್ಕೈಲೈನ್ ಬುಲೆವಾರ್ಡಿನ ಮೇಲೆ, ಮರದ ಬೇರು ಡಾಂಬರನ್ನು ಎಬ್ಬಿಸಿದ ಒಂದು ಎಡ ತಿರುವಿನಲ್ಲಿ, ಹಿಂದಿನ ಭಾಗ ಒಂದಡಿ ಹೊರಕ್ಕೆ ಹಾರಿತು. ವೇಗ ಹೆಚ್ಚಿರಲಿಲ್ಲ. ಎದುರಿಗೆ ಯಾರೂ ಇರಲಿಲ್ಲ ಅನ್ನುವುದು ನನ್ನ ಪುಣ್ಯ.

ಆದದ್ದು ಇಷ್ಟು. ಈ ಕಾರಿನಲ್ಲಿ ಚಕ್ರ ಮೇಲಕ್ಕೆ ಸರಿಯಲು ಇರುವ ಅವಕಾಶವೇ ಕಡಿಮೆ. ಅದು ಮುಗಿದಲ್ಲಿ ಬಂಪ್ ಸ್ಟಾಪ್ ಎಂಬ ರಬ್ಬರಿನ ಗಿಣ್ಣು ಇರುತ್ತದೆ. ಎರಡು ಇಂಚು ತಗ್ಗಿಸಿದರೆ ಕಾರು ಹೆಚ್ಚುಕಡಿಮೆ ಆ ಗಿಣ್ಣಿನ ಮೇಲೇ ಕೂತಿರುತ್ತದೆ. ತಿರುವಿನಲ್ಲಿ ವಾಲಿ ಅದಕ್ಕೆ ತಾಗಿದ ಕ್ಷಣ, ಸ್ಪ್ರಿಂಗು ಇದ್ದಕ್ಕಿದ್ದಂತೆ ಹಲವು ಪಟ್ಟು ಗಟ್ಟಿಯಾದಂತೆ. ಆ ಚಕ್ರದ ಮೇಲೆ ಭಾರ ಧಡಕ್ಕನೆ ಏರುತ್ತದೆ, ಟೈರು ಕೈಬಿಡುತ್ತದೆ, ಅದೂ ಮುನ್ಸೂಚನೆ ಇಲ್ಲದೆ. ಮೇಲಾಗಿ ಕಾರು ತೀರ ತಗ್ಗಿದರೆ ವಿಶ್‌ಬೋನ್ ತೋಳುಗಳ ಕೋನ ಬದಲಾಗುತ್ತದೆ, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನದೂ ಬದಲಾಗುತ್ತದೆ. ಆಗ ಚಕ್ರ ಉಬ್ಬಿನ ಮೇಲೆ ಏರಿಳಿದಾಗಲೆಲ್ಲ ನಿಮ್ಮನ್ನು ಕೇಳದೆ ತಾನೇ ಸ್ವಲ್ಪ ತಿರುಗಿಕೊಳ್ಳುತ್ತದೆ.

ಗಟ್ಟಿ ಸ್ಪ್ರಿಂಗ್ ಇದ್ದರೆ ಕಾರು ಚೆನ್ನಾಗಿ ತಿರುಗುತ್ತದೆ ಅನ್ನುವ ನಂಬಿಕೆ ಬಲವಾಗಿ ಬೇರೂರಿದೆ. ಏಳುನೂರು ಕೆಜಿಯನ್ನೂ ಮುಟ್ಟದ ಆ ಹಳೆಯ ಲೋಟಸ್ ಎಲಾನ್ ಸ್ಪ್ರಿಂಗುಗಳು ಮೃದು, ಆದರೂ ಅದು ಸೊಗಸಾಗಿ ತಿರುಗುತ್ತಿತ್ತು. ಗುಟ್ಟು ಇರುವುದು ಸ್ಪ್ರಿಂಗಿಗೂ ಶಾಕ್ ಅಬ್ಸಾರ್ಬರಿಗೂ ಇರುವ ಹೊಂದಾಣಿಕೆಯಲ್ಲಿ. ಸ್ಪ್ರಿಂಗು ಉಬ್ಬಿನ ಶಕ್ತಿಯನ್ನು ಕೂಡಿಟ್ಟು ಹಿಂದಕ್ಕೆ ಕೊಡುತ್ತದೆ, ಶಾಕ್ ಅಬ್ಸಾರ್ಬರ್ ಅದನ್ನು ಎಣ್ಣೆಯ ಮೂಲಕ ಹಿಂಡಿ ಬಿಸಿಯಾಗಿಸಿ ಮುಗಿಸುತ್ತದೆ. ಶಾಕ್ ಸತ್ತಿದ್ದರೆ ಕಾರು ಉಯ್ಯಾಲೆ. ಸ್ಪ್ರಿಂಗಿಗೆ ಮೀರಿ ಗಟ್ಟಿಯಾದರೆ ಚಕ್ರ ರಸ್ತೆಯನ್ನು ಹಿಂಬಾಲಿಸದೆ ಉಬ್ಬಿನಿಂದ ಉಬ್ಬಿಗೆ ನೆಗೆಯುತ್ತದೆ. ಗಾಳಿಯಲ್ಲಿರುವ ಟೈರು ಯಾವ ಸುದ್ದಿಯನ್ನೂ ತರುವುದಿಲ್ಲ.

ನಾಲ್ಕು ತಿಂಗಳಲ್ಲಿ ಆ ಸೆಟ್ ಕಿತ್ತೆಸೆದೆ. ಈಗ ಕಂಪನಿಯ ಸ್ಪ್ರಿಂಗಿಗಿಂತ ತುಸುವೇ ಗಟ್ಟಿಯಾದ ಸ್ಪ್ರಿಂಗು, ಬಿಲ್‌ಸ್ಟೀನ್ ಶಾಕ್ ಅಬ್ಸಾರ್ಬರ್, ಮೆಲ್ಲಮೆಲ್ಲಗೆ ಗಟ್ಟಿಯಾಗುತ್ತ ಹೋಗುವ ಮೃದುವಾದ ಬಂಪ್ ಸ್ಟಾಪ್ ಇವೆ. ಕಾರು ತಗ್ಗಿರುವುದು ಒಂದು ಇಂಚಿಗೂ ಕಡಿಮೆ. ತಿರುವಿನಲ್ಲಿ ಸ್ವಲ್ಪ ವಾಲುತ್ತದೆ, ವಾಲಲಿ. ಎಷ್ಟು ವಾಲಿತು ಅನ್ನುವುದೂ ಎಷ್ಟು ಹಿಡಿತ ಬಳಸಿದ್ದೇನೆ ಅನ್ನುವುದಕ್ಕೆ ಒಂದು ಲೆಕ್ಕ. ಬಜೆಟ್ ಇದ್ದರೆ ದುಡ್ಡು ಹಾಕಬೇಕಾದ ಜಾಗ ಒಳ್ಳೆಯ ಶಾಕ್ ಅಬ್ಸಾರ್ಬರ್. ಇದರಲ್ಲಿ ನನಗೆ ಸಂದೇಹವಿಲ್ಲ.

ಟೈರು, ಚಕ್ರ, ಅಲೈನ್‌ಮೆಂಟ್

ಟೈರಿನ ಪಕ್ಕದ ಗೋಡೆಯ ಮೇಲೆ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2312 ಎಂದಿದ್ದರೆ ಅದು 2012ರ ಇಪ್ಪತ್ತಮೂರನೇ ವಾರದ ಟೈರು. ವಾರಕ್ಕೊಮ್ಮೆ ಹೊರಬರುವ ಕಾರುಗಳಲ್ಲಿ ಟೈರಿನ ಗೀರು ಸವೆಯುವ ಮೊದಲೇ ರಬ್ಬರು ಮುಪ್ಪಾಗಿ ಗಟ್ಟಿಯಾಗಿರುತ್ತದೆ. ಗೀರು ಹೊಸದರಂತೆ ಕಂಡರೂ ಮೋಸ ಹೋಗಬಾರದು.

ಕಂಪನಿ ಕೊಟ್ಟಿದ್ದ ಅಳತೆ 185/60, 14 ಇಂಚಿನ ಚಕ್ರ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ; ಎರಡನೆಯದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಈಗ ಹೆಚ್ಚಿನವರು ಹಾಕುವುದು 195/50, 15 ಇಂಚು, ಏಕೆಂದರೆ ಒಳ್ಳೆಯ ಟೈರುಗಳ ಆಯ್ಕೆ ಆ ಅಳತೆಯಲ್ಲಿ ಹೆಚ್ಚು. ಲೆಕ್ಕ ಹಾಕಿ ನೋಡಿದರೆ ಮೊದಲನೆಯದರ ಒಟ್ಟು ವ್ಯಾಸ ಸುಮಾರು 578 ಮಿಲಿಮೀಟರ್, ಎರಡನೆಯದು 576. ಸ್ಪೀಡೋಮೀಟರಾಗಲಿ ಗೇರಿನ ಅನುಪಾತವಾಗಲಿ ಕೆಡುವುದಿಲ್ಲ. ಇಲ್ಲಿಗೆ ನಿಲ್ಲಿಸುವುದು ಒಳ್ಳೆಯದು. 17 ಇಂಚಿನ ಚಕ್ರ ಹಾಕಿದ ಮಿಯಾಟಾಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಕಂಪನಿಯ ಹಗುರವಾದ ಏಳು ಕಡ್ಡಿಯ ಅಲಾಯ್ ಚಕ್ರ ತೂಗುವುದು ಸುಮಾರು ಐದೂವರೆ ಕೆಜಿ. ಸ್ಪ್ರಿಂಗಿನಿಂದ ಕೆಳಗೆ ತೂಗುವ ಒಂದೊಂದು ಕೆಜಿಯನ್ನೂ ಪ್ರತಿ ಉಬ್ಬಿನಲ್ಲಿ ಮೇಲೆತ್ತಿ ಮತ್ತೆ ಕೆಳಕ್ಕೆ ತರಬೇಕು, ಆ ಹೊರೆ ಶಾಕ್ ಅಬ್ಸಾರ್ಬರಿನದು. ಅಲ್ಲಿ ಭಾರ ಏರಿದಷ್ಟೂ ಚಕ್ರ ರಸ್ತೆ ಬಿಟ್ಟು ಇರುವ ಕಾಲ ಹೆಚ್ಚು.

ಚಕ್ರವನ್ನು ಹೊರಕ್ಕೆ ತಳ್ಳಿ ಫೆಂಡರಿನ ಅಂಚಿಗೆ ತರುವ ಸ್ಪೇಸರುಗಳೂ ಬೇಡ. ಸ್ಟೀರಿಂಗ್ ತಿರುಗುವ ಅಕ್ಷ ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ಅಂತರವನ್ನು ಎಂಜಿನಿಯರುಗಳು ಅಳೆದು ಇಟ್ಟಿರುತ್ತಾರೆ. ಅದು ಹೆಚ್ಚಿದರೆ ಒಂದೊಂದು ಗುಂಡಿಯೂ ಸ್ಟೀರಿಂಗನ್ನು ಕೈಯಿಂದ ಕಸಿಯುತ್ತದೆ. ಗದ್ದಲ ಏರುತ್ತದೆ, ಸುದ್ದಿ ಏರುವುದಿಲ್ಲ. ತೀರ ಅಂಟುವ ರೇಸ್ ಟೈರು ಸಹ ಹೀಗೆಯೇ. ಮಿತಿ ಎತ್ತರಕ್ಕೆ ಹೋಗುತ್ತದೆ, ಆದರೆ ಆ ಮಿತಿಯಿಂದ ಬೀಳುವಾಗ ಇಳಿಜಾರು ಇರುವುದಿಲ್ಲ, ಪ್ರಪಾತ ಇರುತ್ತದೆ. ಬೀದಿಯಲ್ಲಿ ಓಡಿಸುವ ವೇಗಕ್ಕೆ ಸಾಧಾರಣ ಹಿಡಿತದ, ಮೆಲ್ಲಗೆ ಕೈಬಿಡುವ ಟೈರೇ ಹೆಚ್ಚು ಮಾತಾಡುತ್ತದೆ. 2017ರಲ್ಲಿ ಮಾಜ್ದಾ ತಾನೇ ಜಪಾನಿನಲ್ಲಿ ಈ ಹಳೆಯ ಕಾರುಗಳ ಪುನರುಜ್ಜೀವನ ಯೋಜನೆ ಘೋಷಿಸಿದಾಗ, ಬ್ರಿಜ್‌ಸ್ಟೋನ್ ಜೊತೆ ಸೇರಿ ಮತ್ತೆ ಮಾಡಿಸಿದ್ದು ಅದೇ ಹಳೆಯ 185/60ರ ಟೈರನ್ನು.

ಅಲೈನ್‌ಮೆಂಟ್ ಅಂದರೆ ಸ್ಟೀರಿಂಗ್ ನೇರ ಮಾಡುವುದು ಅಂತ ನಾವು ತಿಳಿದಿರುತ್ತೇವೆ. ಈ ಕಾರಿನಲ್ಲಿ ನಾಲ್ಕೂ ಚಕ್ರದ ಕ್ಯಾಂಬರ್, ಟೋ ಎರಡನ್ನೂ, ಮುಂದಿನವುಗಳ ಕ್ಯಾಸ್ಟರನ್ನೂ ಹೊಂದಿಸಬಹುದು. ಇಷ್ಟು ಸ್ವಾತಂತ್ರ್ಯ ಕೊಡುವ ಕಾರು ಅಪರೂಪ. ಕ್ಯಾಂಬರ್ ಅಂದರೆ ಚಕ್ರದ ತಲೆ ಒಳಕ್ಕೆ ಬಾಗುವುದು. ಮುಂದೆ ಒಂದು ಡಿಗ್ರಿ, ಹಿಂದೆ ಒಂದೂವರೆಯ ಹತ್ತಿರ ಒಳಬಾಗಿದರೆ, ಕಾರು ವಾಲಿದಾಗ ಟೈರು ನೆಲಕ್ಕೆ ಸಮನಾಗಿ ಕೂರುತ್ತದೆ. ಟೋ ಅಂದರೆ ಮೇಲಿಂದ ನೋಡಿದಾಗ ಚಕ್ರಗಳ ಮೂತಿ ಒಳಗೋ ಹೊರಗೋ ಅನ್ನುವುದು. ಮುಂದೆ ಸೊನ್ನೆ, ಹಿಂದೆ ಕೂದಲೆಳೆಯಷ್ಟು ಒಳಕ್ಕೆ.

ಕ್ಯಾಸ್ಟರ್ ಸ್ವಲ್ಪ ಬಿಡಿಸಿ ಹೇಳಬೇಕಾದದ್ದು. ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ ಅದು. ಆಸ್ಪತ್ರೆಯ ಟ್ರಾಲಿಯ ಚಕ್ರ ತನ್ನ ಮೊಳೆಯ ಹಿಂದೆ ಜೋತುಬಿದ್ದು ತಾನೇ ನೇರವಾಗುತ್ತದಲ್ಲ, ಅದೇ ಗುಣ. ಕ್ಯಾಸ್ಟರ್ ಹೆಚ್ಚಿಸಿದರೆ ಸ್ಟೀರಿಂಗ್ ತೂಕ ಬರುತ್ತದೆ, ಕಾರು ಗಂಭೀರವಾದಂತೆ ಅನ್ನಿಸುತ್ತದೆ. ಆದರೆ ಈ ತೂಕ ಟೈರಿನ ಹಿಡಿತದಿಂದ ಬಂದದ್ದಲ್ಲ, ಕೋನದಿಂದ ಬಂದದ್ದು. ಹಿಡಿತ ಮುಗಿಯುತ್ತ ಬಂದರೂ ಅದು ಅಷ್ಟಾಗಿ ಇಳಿಯುವುದಿಲ್ಲ. ತೀರ ಹೆಚ್ಚಾದರೆ ಆ ತೂಕದ ಅಡಿಯಲ್ಲಿ, ಮೇಲೆ ಹೇಳಿದ ಸಣ್ಣ ಸನ್ನೆಗೋಲಿನ ಪಿಸುಮಾತು ಮುಳುಗಿಹೋಗುತ್ತದೆ. ಭಾರದ ಸ್ಟೀರಿಂಗ್, ಮಾತಾಡುವ ಸ್ಟೀರಿಂಗ್ ಎರಡೂ ಒಂದೇ ಅಲ್ಲ. ನಾನು ಐದು ಡಿಗ್ರಿಯ ಒಳಗೇ ನಿಂತಿದ್ದೇನೆ.

ಇನ್ನೊಂದು, ಅಲೈನ್‌ಮೆಂಟ್ ಮಾಡುವಾಗ ಚಾಲಕನ ಸೀಟಿನಲ್ಲಿ ಚಾಲಕನಷ್ಟು ತೂಕ ಇರಲಿ. ಇಷ್ಟು ಹಗುರ ಕಾರಿನಲ್ಲಿ ಎಪ್ಪತ್ತು ಕೆಜಿ ಅಂದರೆ ನೂರಕ್ಕೆ ಏಳು ಪಾಲು. ನಾನು ಎರಡು ಅಕ್ಕಿ ಚೀಲ, ಒಂದು ನೀರಿನ ಕ್ಯಾನ್ ಒಯ್ಯುತ್ತೇನೆ. ಗ್ಯಾರೇಜಿನವರು ಮೊದಲ ಸಲ ನಕ್ಕರು, ಈಗ ತಾವೇ ಇಳಿಸಿ ಸೀಟಿಗೆ ಬೆಲ್ಟ್ ಹಾಕುತ್ತಾರೆ.

ಕೈಗೆ ತಾಗುವ ಜಾಗಗಳು

ಕಡಿಮೆ ಖರ್ಚಿನಲ್ಲಿ ಹೆಚ್ಚು ಸುಖ ಕೊಟ್ಟ ಕೆಲಸ ಯಾವುದು ಎಂದರೆ, ಗೇರ್ ಲಿವರಿನ ಬುಡ ಬಿಚ್ಚಿದ್ದು. ಈ ಕಾರಿನ ಗೇರ್ ಲಿವರ್ ನೇರವಾಗಿ ಗೇರ್‌ಬಾಕ್ಸಿನ ಮೇಲಿನ ಒಂದು ಪುಟ್ಟ ಗೂಡಿಗೆ ಇಳಿಯುತ್ತದೆ. ಆ ಗೂಡಿನಲ್ಲಿ ಗೇರ್‌ಬಾಕ್ಸಿನಿಂದ ಬೇರೆಯಾದ ಎಣ್ಣೆ ಇರುತ್ತದೆ. ಗೇರ್ ಎಣ್ಣೆ ಬದಲಿಸಿದವರೂ ಇದನ್ನು ಮರೆತಿರುತ್ತಾರೆ. ನನ್ನದನ್ನು ತೆರೆದಾಗ ತಳದಲ್ಲಿ ಕಪ್ಪು ಅಂಟು, ಲಿವರಿನ ತುದಿಯ ನೈಲಾನ್ ಬುಷ್ ಮೂರು ಚೂರು, ಮೇಲಿನ ರಬ್ಬರ್ ಬೂಟ್ ಹರಿದು ಜೋಲಿ. ಆ ಹರಿದ ಜಾಗದಿಂದಲೇ ಬೇಸಿಗೆಯಲ್ಲಿ ಕಾಲಿಗೆ ಬಿಸಿಗಾಳಿ ಹೊಡೆಯುತ್ತಿತ್ತು. ಗೂಡು ಒರೆಸಿ, ಹೊಸ ಬುಷ್, ಹೊಸ ಬೂಟ್ ಹಾಕಿ, ಒಂದು ಸಣ್ಣ ಲೋಟ ಎಣ್ಣೆ ತುಂಬಿದೆ. ಎರಡನೇ ಗೇರಿನಿಂದ ಮೂರಕ್ಕೆ ಈಗ ಬೆರಳ ತುದಿಯಲ್ಲಿ ಟಕ್ಕನೆ ಬೀಳುತ್ತದೆ. ಇದಾದ ಮೇಲೆ, ದುಬಾರಿಯ ಗಿಡ್ಡ ಲಿವರ್ ಕೊಳ್ಳಬೇಕೆಂಬ ಆಸೆಯೇ ಹೋಯಿತು.

ಸ್ಟೀರಿಂಗ್ ಚಕ್ರ ಬದಲಿಸುವುದು ಎಲ್ಲರಿಗೂ ಬರುವ ಆಸೆ. ಜಪಾನಿನ ಕೆಲವು ಮಾಡೆಲುಗಳಿಗೆ ಬಂದಿದ್ದ ನಾರ್ದಿ ಮರದ ಸ್ಟೀರಿಂಗ್ ನೋಡಲು ಕಣ್ಣಿಗೆ ಹಬ್ಬ. ಆದರೆ ಅಮೆರಿಕದಲ್ಲಿ ಮಾರಿದ ಕಾರುಗಳ ಸ್ಟೀರಿಂಗಿನಲ್ಲಿ ಏರ್‌ಬ್ಯಾಗ್ ಇದೆ. ಮರದ್ದು ಹಾಕಿದರೆ ಅದನ್ನು ತೆಗೆದಂತೆ. ನಾನು ತೆಗೆದಿಲ್ಲ, ತೆಗೆಯಿರಿ ಎಂದು ಯಾರಿಗೂ ಹೇಳುವುದಿಲ್ಲ. ಎತ್ತರದವರು ಸೀಟಿನ ಒಳಗಿನ ಫೋಮ್ ಕೊಯ್ದು ಒಂದಿಂಚು ಕೆಳಗೆ ಕೂರುವುದುಂಟು. ಅದು ಒಳ್ಳೆಯ ಉಪಾಯ: ತಲೆ ಟಾಪಿಗೆ ತಾಗುವುದಿಲ್ಲ, ಸೊಂಟ ಕಾರಿನ ಗುರುತ್ವಕೇಂದ್ರಕ್ಕೆ ಹತ್ತಿರವಾಗಿ ಹಿಂದಿನ ಚಕ್ರದ ಸುದ್ದಿ ಬೇಗ ತಿಳಿಯುತ್ತದೆ.

ತೆರೆದ ಕಾರಿಗೆ ಛಾವಣಿಯ ಬಲವಿಲ್ಲವಾದ್ದರಿಂದ ಮೈ ಸಣ್ಣಗೆ ನಡುಗುತ್ತದೆ. ಕೆಳಗಿನ ಉದ್ದ ತೊಲೆಗಳು ತಪ್ಪು ಜಾಗದಲ್ಲಿ ಜ್ಯಾಕ್ ಕೊಟ್ಟವರ ಕೈಯಲ್ಲಿ ಚಪ್ಪಟೆಯಾಗಿದ್ದರೆ ಮೊದಲು ಅದನ್ನು ನೋಡಿ. ಸೀಟಿನ ಹಿಂದೆ ರೋಲ್ ಬಾರ್ ಎಂಬ ಉಕ್ಕಿನ ಕಮಾನು ಹಾಕುವುದು ನಾನು ಒಪ್ಪುವ ದೊಡ್ಡ ಬದಲಾವಣೆ. ಮುಖ್ಯ ಕಾರಣ ಜೀವರಕ್ಷಣೆ. ತಲೆಗೆ ತಾಗದಷ್ಟು ಹಿಂದೆ ಇರಬೇಕು, ಗಟ್ಟಿ ಪ್ಯಾಡಿಂಗ್ ಸುತ್ತಿರಬೇಕು.

ಬ್ರೇಕಿಗೆ ದೊಡ್ಡ ಡಿಸ್ಕು ಬೇಡ. ಒಳ್ಳೆಯ ಪ್ಯಾಡ್, ಎರಡು ವರ್ಷಕ್ಕೊಮ್ಮೆ ಹೊಸ ದ್ರವ, ಹಳೆಯ ರಬ್ಬರ್ ಹೋಸಿನ ಬದಲು ಹೊಸದು. ಮುದಿ ಹೋಸು ಒತ್ತಡಕ್ಕೆ ಉಬ್ಬುತ್ತದೆ, ಪೆಡಲ್ ಸ್ಪಂಜಿನಂತಾಗುತ್ತದೆ.

ಎಂಜಿನ್ ಕೊನೆಗೆ

ಎಂಜಿನ್ನಿಗೆ ಮೊದಲು ಆರೋಗ್ಯ. ಬಾನೆಟ್ ಎತ್ತಿ ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ತೊಟ್ಟಿಯ ಬಣ್ಣ ನೋಡಿ. ಹೊಸದಿದ್ದಾಗ ಕಪ್ಪು. ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಯಾವ ದಿನವಾದರೂ ಸೀಳಬಹುದು. ಇಗ್ನಿಷನ್ ಟೈಮಿಂಗನ್ನು ಕಂಪನಿಯ 10 ಡಿಗ್ರಿಯಿಂದ 14ಕ್ಕೆ ಏರಿಸಿ ಕಿಡಿ ತುಸು ಮುಂಚೆಯೇ ಹಾರುವಂತೆ ಮಾಡುವುದು ಈ ಕಾರಿನವರ ಹಳೆಯ ರೂಢಿ. ಕೆಳಗಿನ ಆರ್‌ಪಿಎಮ್‌ನಲ್ಲಿ ಚುರುಕು ಬರುತ್ತದೆ, ಆದರೆ ಹೆಚ್ಚು ಆಕ್ಟೇನಿನ ಪೆಟ್ರೋಲ್ ಬೇಕಾಗುತ್ತದೆ. ಕ್ಲಚ್ ಬದಲಿಸುವ ದಿನ ಬಂದಾಗ ಹಗುರ ಫ್ಲೈವೀಲ್ (ಎಂಜಿನ್ನಿಗೆ ಸೇರಿ ತಿರುಗುವ ಲೋಹದ ತಟ್ಟೆ) ಯೋಚಿಸಬಹುದು. ಸದ್ದು ಮಾಡುವ ಸೈಲೆನ್ಸರ್ ಬಗ್ಗೆ ಇಷ್ಟು ಸಾಕು: ಸದ್ದು ಅನುಭವವಾಗಿ ಉಳಿಯುವುದು ಮೊದಲ ಅರ್ಧ ಗಂಟೆ.

ಟರ್ಬೊ ಹಾಕಿ ಬಲ ಎರಡು ಪಟ್ಟು ಮಾಡುವವರಿದ್ದಾರೆ. ಆಗ 1.6ರ ಸಣ್ಣ ಡಿಫರೆನ್ಷಿಯಲ್ ತಾಳುವುದಿಲ್ಲ, ಅದನ್ನು ಬದಲಿಸಬೇಕು, ಆಮೇಲೆ ಬ್ರೇಕು, ಆಮೇಲೆ ಟೈರು. ಒಂದು ಬಲಪಡಿಸಿದರೆ ಪಕ್ಕದ್ದು ದುರ್ಬಲ. ಸರಪಳಿ ಮುಗಿಯುವ ಹೊತ್ತಿಗೆ ಅದು ಬೇರೆಯದೇ ಕಾರು. 116 ಅಶ್ವಶಕ್ತಿಯ ಲಾಭ ಏನೆಂದರೆ, ಕಾನೂನಿನ ವೇಗದ ಒಳಗೇ ಎರಡನೇ ಮೂರನೇ ಗೇರನ್ನು ಪೂರ್ತಿ ಎಳೆದು ಓಡಿಸಬಹುದು.

ಕಾನೂನಿನ ಮಾತು ಬಂದದ್ದರಿಂದ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ತೀರ ಹೊಸವನ್ನು ಬಿಟ್ಟರೆ 1976 ಮತ್ತು ಆಮೇಲಿನ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ ಇದೆ. ಏರ್ ಇನ್‌ಟೇಕಿನಂಥ ಹೊರಗಿನ ಭಾಗ ಹಾಕಿದರೆ ಅದಕ್ಕೆ ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಹೊಗೆ ಎಷ್ಟೇ ಶುದ್ಧವಿದ್ದರೂ ಕಾರು ಫೇಲ್. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇನ್ನೂ ಬಿಗಿ: ಆರ್‌ಸಿಯಲ್ಲಿ ದಾಖಲಾದ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಊರಿನಲ್ಲಿ ಹಳೆಯ ಕಾರು ಇಟ್ಟುಕೊಂಡವರು ಎಂಜಿನ್, ಛಾಸಿಯ ಕಡೆ ಕೈ ಹಾಕುವ ಮೊದಲು ಇದನ್ನು ನೆನಪಿಡಬೇಕು. ಬುಷ್, ಶಾಕ್ ಅಬ್ಸಾರ್ಬರ್, ಟೈರುಗಳನ್ನು ಅದೇ ಅಳತೆಯ ಹೊಸದರಿಂದ ಸರಿಪಡಿಸಲು ಯಾವ ಅಡ್ಡಿಯೂ ಇಲ್ಲ.

ತೆಗೆದ ಮೂಲ ಭಾಗಗಳನ್ನೆಲ್ಲ ನಾನು ಪೆಟ್ಟಿಗೆಯಲ್ಲಿ ಹೆಸರು ಬರೆದು ಇಟ್ಟಿದ್ದೇನೆ. ಯಾವ ಬದಲಾವಣೆಗೂ ಕಾರಿನ ಮೈಗೆ ಒಂದು ತೂತನ್ನೂ ಕೊರೆದಿಲ್ಲ, ರೋಲ್ ಬಾರಿನದನ್ನು ಬಿಟ್ಟು. ಒಂದು ಸಲಕ್ಕೆ ಒಂದೇ ಬದಲಾವಣೆ. ಆಮೇಲೆ ಅದೇ ದಾರಿ: ಸ್ಕೈಲೈನಿನಿಂದ ಹೆದ್ದಾರಿ 84 ಹಿಡಿದು ಲಾ ಹೋಂಡಾ ಕಡೆಗೆ ಇಳಿಯುವುದು, ಟೈರಿನಲ್ಲಿ 26 ಪಿಎಸ್‌ಐ, ಬೆಳಗಿನ ಏಳು ಗಂಟೆ. ಏನನ್ನಿಸಿತು ಎಂದು ಕೆಳಗೆ ನಿಲ್ಲಿಸಿದೊಡನೆ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಒಳ್ಳೆಯದು ಮಾಡಿತು, ಯಾವುದು ಕೆಡಿಸಿತು ಅನ್ನುವುದು ತಿಳಿಯುವುದೇ ಇಲ್ಲ.

ಕಳೆದ ನವೆಂಬರಿನ ಪುಟದಲ್ಲಿ ಹೀಗಿದೆ: "ರೆಡ್‌ವುಡ್ ನೆರಳಿನ ಬಲ ತಿರುವು. ನೆಲ ತೇವ, ಎಲೆ ಬಿದ್ದಿದೆ. ಅರ್ಧ ತಿರುವಿನಲ್ಲಿ ಸ್ಟೀರಿಂಗ್ ಹಗುರವಾಯಿತು, ಆಕ್ಸಿಲರೇಟರ್ ತುಸು ಸಡಿಲಿಸಿದೆ, ತೂಕ ಮರಳಿತು." ಅದರ ಕೆಳಗೆ ಮುಂದಿನ ಕೆಲಸ: ಸ್ಟೀರಿಂಗಿಗೆ ಎಣ್ಣೆಯ ನೆರವು ಇಲ್ಲದಂತೆ ಮಾಡಲು ಪವರ್ ಸ್ಟೀರಿಂಗಿನ ಪಂಪ್ ಕಳಚಿ, ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ರ‍್ಯಾಕ್ ಬಿಚ್ಚಿ ಒಳಗಿನ ಪಿಸ್ಟನ್ನಿನ ಸೀಲ್ ತೆಗೆಯುವುದು. ಎಣ್ಣೆಯ ಕೊಳವೆಗಳನ್ನು ಸುಮ್ಮನೆ ಒಂದಕ್ಕೊಂದು ಜೋಡಿಸಿ ಬಿಡುವವರಿದ್ದಾರೆ, ಆದರೆ ಆಗ ಸೀಲಿನ ಉಜ್ಜಾಟ ಒಳಗೆ ಉಳಿದೇ ಇರುತ್ತದೆ. ಮಳೆಗಾಲ ಮುಗಿಯುವುದರೊಳಗೆ ರ‍್ಯಾಕ್ ಕೆಳಗಿಳಿಸಬೇಕು.